ಅಟ್ಟದಿಂದ ಇಳಿದ ಗಿಣಿ

ದಬ್ಬೇಘಟ್ಟ
೯–೨–೧೯೮೧

ಭಾವನವರಿಗೆ ಕಲ್ಲಮ್ಮನ ನಮಸ್ಕಾರಗಳು.

ಇಲ್ಲಿ ನಾನು, ಯಜಮಾನರು, ಹಸು, ಕರು ಎಲ್ಲ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದವನು ಒಬ್ಬನೇ, ನಿಮ್ಮ ಮನೆಯ ಗಿಣಿ ಮುದ್ದ. ಅವನನ್ನು ನಿಮ್ಮನ್ನು ಕೇಳದೆಯೇ ತಂದುಬಿಟ್ಟಿದ್ದೇನೆ. ಕೇಳೋಣವೆಂದರೆ ನೀವು ಎಲ್ಲಿದ್ದಿರಿ? ಗಿರಿಜಕ್ಕನ ವರ್ಷದ ಪೂಜೆಗೆ ಬಂದ ನೆಂಟರು ಇನ್ನೂ ಎಲೆಯ ಮುಂದೆ ಕೂತಿದ್ದರು, ನೀವು ಆಗಲೇ ಚೀಲ ಹಿಡಿದು ರೈಲ್ವೆ ಸ್ಟೇಷನ್ನಿಗೆ ಹೊರಟಿದ್ದಿರಿ. ಸ್ವಂತ ಹೆಂಡತಿಯ ಪೂಜೆಯ ಪಾಯಸವನ್ನೂ ಪೂರ್ತಿ ಉಣ್ಣದ ಗಂಡಸನ್ನು ನಾನು ನೋಡಿದ್ದು ಇದೇ ಮೊದಲು.

ಬೆಳಿಗ್ಗೆ ಪಾತ್ರೆ ಸಾಲದೆ ದೊಡ್ಡ ತಪ್ಪಲೆ ಇಳಿಸಲು ನಾನೇ ಏಣಿ ಹಾಕಿ ನಿಮ್ಮ ಅಟ್ಟ ಹತ್ತಿದೆ. ಒಣಗಿ ಉಂಡೆಕೊಬ್ಬರಿಯಾಗಲೆಂದು ಬಿಟ್ಟ ಕಾಯಿರಾಶಿಯ ಹಿಂದೆ, ಮೂಲೆಯಲ್ಲಿ, ಗೋಣಿಚೀಲ ಹೊದಿಸಿದ ಪಂಜರ ಕಂಡಿತು. ಖಾಲಿ ಪಂಜರವೆಂದುಕೊಂಡು ಚೀಲ ಎತ್ತಿದರೆ ಒಳಗೆ ಮುದ್ದ. ಎದೆಯ ಮೇಲೆ ಒಂದು ಗರಿಯಿಲ್ಲ, ಎಲ್ಲ ತಾನೇ ಕಿತ್ತುಕೊಂಡಿದ್ದಾನೆ. ಮೇಲಿನ ಕೊಕ್ಕು ಬೆಳೆದು ಬೆಳೆದು ಕತ್ತಿನ ಕಡೆಗೆ ಬಾಗಿದೆ. ಬೆಳಕು ತಡೆಯಲಾರದೆ ಕಣ್ಣು ಮುಚ್ಚಿಕೊಂಡ. ನಾನು ಅಲ್ಲೇ ಕಾಯಿಗಳ ಮೇಲೆ ಕೂತು ಅತ್ತುಬಿಟ್ಟೆ. ಕೆಳಗೆ ಎಲ್ಲರೂ ಅಕ್ಕನಿಗಾಗಿ ಅಳುತ್ತಿದ್ದಾಳೆ ಎಂದುಕೊಂಡರು.

ಮನೆಗೆಲಸದ ಭೂತಮ್ಮನನ್ನು ಕೇಳಿದೆ. "ನಾನೇನ್ ಉಪ್ವಾಸ ಕೆಡವಿಲ್ಲ ಕಣವ್ವ. ದಿನಾ ಏಣಿ ಹತ್ತಿ ಒಂದ್ ಹೋಳು ಕೊಬ್ರಿ ಹಾಕ್ತಿದ್ದೆ. ಬೆಳ್ಳಗಿರೋದ್ನೇ ಆರ್ಸಿ ಹಾಕ್ತಿದ್ದೆ, ಬ್ಯಾರೇರ್ ಮನೇಲಿ ಮಕ್ಳಿಗೂ ಕೊಡಾಕಿಲ್ಲ ಅಂಥದ್ನ" ಎಂದಳು. ಅವಳನ್ನು ಬೈಯಲಾರೆ. ನಮ್ಮ ಕಡೆಯವರಿಗೆ ದೇವರಿಗೂ ಕೊಬ್ಬರಿ, ಬಾಣಂತಿಗೂ ಕೊಬ್ಬರಿ, ಪ್ರೀತಿ ಉಕ್ಕಿದರೂ ಕೊಬ್ಬರಿ. ವರ್ಷವಿಡೀ ಬರೀ ಕೊಬ್ಬರಿ ತಿಂದರೆ ಹಕ್ಕಿ ಏನಾಗುತ್ತದೆ ಎಂದು ಯಾರಿಗೂ ಹೊಳೆದಿಲ್ಲ.

ಅಕ್ಕ ಅಂಗೈಯಲ್ಲಿಟ್ಟು ಸಾಕಿದವನು. ನಡುಮನೆಯಲ್ಲಿ ತೂಗಾಡುತ್ತಿದ್ದವನು ಅಟ್ಟ ಸೇರಿದ್ದು ಹೇಗೆ? ಇದಕ್ಕೆ ಮಾತ್ರ ನೀವೇ ಉತ್ತರ ಬರೆಯಬೇಕು.

ನಿಮ್ಮ ನಾದಿನಿ,
ಕಲ್ಲಮ್ಮ


ಅರಸೀಕೆರೆ
೨೧–೨–೧೯೮೧

ಕಲ್ಲಮ್ಮನಿಗೆ ತೋಂಟದಾರ್ಯನ ಆಶೀರ್ವಾದಗಳು.

ನಿನ್ನ ಕಾಗದವನ್ನು ನಮ್ಮ ಕೊಬ್ಬರಿ ಮಂಡಿಯ ಚಿಕ್ಕಹನುಮಯ್ಯ ಇಲ್ಲಿಗೆ ಕಳಿಸಿದ. ನಾನು ತಿಂಗಳಲ್ಲಿ ಹೆಚ್ಚು ದಿನ ಊರಿನಲ್ಲಿ ಇರುವುದಿಲ್ಲ. ಗಿಣಿಯನ್ನು ನೋಡಿಕೊಳ್ಳುವವರಿಲ್ಲ. ಕೆಳಗೆ ಬೆಕ್ಕಿನ ಕಾಟ, ಅದಕ್ಕೇ ಅಟ್ಟದಲ್ಲಿ ಇಡಿಸಿದ್ದೆ. ಹೊಟ್ಟೆಗೆ ಕಡಿಮೆ ಮಾಡಿರಲಿಲ್ಲ. ತೆಗೆದುಕೊಂಡು ಹೋಗಿದ್ದಕ್ಕೆ ನನಗೇನೂ ಬೇಸರವಿಲ್ಲ.

ಇಲ್ಲಿ ಲಾಡ್ಜಿನ ರೂಮು ರೈಲ್ವೆ ಹಳಿಯ ಪಕ್ಕಕ್ಕೇ ಇದೆ. ಬೇರೆಯವರು ಈ ರೂಮು ಬೇಡವೆನ್ನುತ್ತಾರಂತೆ, ನಾನು ಕೇಳಿ ಪಡೆದೆ. ಗಾಡಿಗಳ ಸದ್ದಿನಲ್ಲಿ ಬೇರೆ ಏನೂ ಕಿವಿಗೆ ಬೀಳುವುದಿಲ್ಲ. ನಾಳಿದ್ದು ಕೊಬ್ಬರಿ ಲೋಡಿನ ಹಿಂದೆಯೇ ಉತ್ತರಕ್ಕೆ ಹೊರಡುತ್ತೇನೆ.

ನಿನ್ನ ಯಜಮಾನರು ಶಂಭುಲಿಂಗಯ್ಯನವರಿಗೆ ನನ್ನ ನಮಸ್ಕಾರ ತಿಳಿಸು. ಒಂದು ವಿಷಯಕ್ಕೆ ಮಾತ್ರ ಮರೆಯದೆ ಬರೆ. ಗಿಣಿ ಮಾತಾಡುತ್ತದೆಯೇ?

ತೋಂಟದಾರ್ಯ


ದಬ್ಬೇಘಟ್ಟ
೫–೩–೧೯೮೧

ಭಾವನವರಿಗೆ ನಮಸ್ಕಾರಗಳು.

ಬೆಕ್ಕಿನ ಕಾಟವೇ? ನಿಮ್ಮ ಮನೆಯಲ್ಲಿ ನಾನು ಒಂದು ದಿನವೂ ಬೆಕ್ಕನ್ನು ಕಂಡಿಲ್ಲ. ಇರಲಿ, ಆ ಜಗಳ ಆಮೇಲೆ ಆಡೋಣ.

ಮುದ್ದನನ್ನು ಬುಟ್ಟಿಯಲ್ಲಿಟ್ಟುಕೊಂಡು ತುರುವೇಕೆರೆಗೆ ಹೋಗಿ ದನದ ಆಸ್ಪತ್ರೆಯ ವೆಂಕಟಯ್ಯನವರಿಗೆ ತೋರಿಸಿದೆ. ಅವರು ಬುಟ್ಟಿಯೊಳಗೆ ಇಣುಕಿ, "ಹಸೀಗೆ ಹೊಟ್ಟೆ ಉಬ್ಬರ ಅಂದ್ರೆ ಹೇಳ್ತೀನಿ ಕಣಮ್ಮ, ಗಿಣಿ ವಿಷ್ಯ ನಂಗೇನ್ ಗೊತ್ತು? ಮೊದ್ಲು ಆ ಕೊಬ್ರಿ ಬುಡ್ಸಿ. ದಿನಾ ಎಣ್ಣೆ ಕುಡ್ಸಿದಂಗೆ ಅದು" ಎಂದರು. ಔಷಧಿ ಕೊಡಲಿಲ್ಲ, ಬಸ್ಸಿಗೆ ಹೊತ್ತಾಯಿತೆಂದು ನನ್ನನ್ನು ಓಡಿಸಿದರು.

ಕೊಬ್ಬರಿ ಬಿಡಿಸುವುದು ಹೇಳಿದಷ್ಟು ಸುಲಭವೇ? ಹೆಸರುಕಾಳು ನೆನೆಸಿ ಇಟ್ಟೆ, ಬಟ್ಟಲು ಮಗುಚಿದ. ಸೀಬೆಕಾಯಿ ಇಟ್ಟೆ, ಬೆನ್ನು ತಿರುಗಿಸಿದ. ನುಗ್ಗೆಸೊಪ್ಪನ್ನು ಕಾಲಿನಿಂದ ಒದ್ದ. ತಿಪಟೂರಿನ ಸಾಹುಕಾರ ನೋಡಿ, ಕೊಬ್ಬರಿಯೇ ಆಗಬೇಕು! ನಾನೂ ಹಟ ಹಿಡಿದೆ. ಅವನು ತಿನ್ನದೆ ಮುದುರಿ ಕೂತ, ನನಗೂ ಅನ್ನ ಇಳಿಯಲಿಲ್ಲ. "ಇಬ್ರೂ ಒಟ್ಗೇ ಆಸ್ಪತ್ರೆ ಸೇರ್ಕಳಿ, ನಾನ್ ಗಂಜಿ ತಂದ್ಕೊಡ್ತೀನಿ" ಎಂದು ಯಜಮಾನರು ರೇಗಿದರು. ರಾತ್ರಿ ಎದ್ದೆದ್ದು ಉಸಿರಾಡುತ್ತಿದ್ದಾನೋ ಇಲ್ಲವೋ ನೋಡುತ್ತಿದ್ದೆ. ಅಕ್ಕನ ಮನೆಯ ಕೊನೆಯ ಜೀವ ನನ್ನ ಕೈಯಲ್ಲಿ ಹೋದರೆ ಏನು ಗತಿ ಎಂದು ಹೆದರುತ್ತಿದ್ದೆ.

ಕೊನೆಗೆ ಹೆಸರುಕಾಳಿಗೆ ಹಸಿ ಕಾಯಿತುರಿ ಉಜ್ಜಿ ಕೊಟ್ಟೆ. ವಾಸನೆಗೆ ಬಂದವನು ಒಂದು ಕಾಳು ಕಚ್ಚಿದ, ಉಗಿದ, ಮತ್ತೆ ಕಚ್ಚಿದ. ಈಗ ದಿನದಿನಕ್ಕೆ ತುರಿ ಕಡಿಮೆ ಮಾಡುತ್ತ, ಕಾಳು ಹೆಚ್ಚು ಮಾಡುತ್ತ ಮೋಸ ನಡೆಸಿದ್ದೇನೆ. ಕೊಕ್ಕನ್ನು ಯಜಮಾನರ ಗರಗಸ ಮಸೆಯುವ ಅರದಿಂದ ಸ್ವಲ್ಪಸ್ವಲ್ಪವೇ ಉಜ್ಜುತ್ತೇವೆ. ಅವರು ಟವೆಲ್ಲಿನಲ್ಲಿ ಸುತ್ತಿ ಹಿಡಿಯುತ್ತಾರೆ, ನಾನು ಉಜ್ಜುತ್ತೇನೆ, ಅವನು ಇಬ್ಬರನ್ನೂ ಕಚ್ಚುತ್ತಾನೆ.

ಇಲ್ಲಿ ಕೋತಿ ಕಾಟ ಹೆಚ್ಚಾಗಿ ಹಗಲಲ್ಲೂ ತಲೆಬಾಗಿಲು ಎಳೆದು ಚಿಲಕ ಹಾಕಿಕೊಳ್ಳುತ್ತೇವೆ, ಹೊರಗಿನಿಂದಲೂ ತೆಗೆಯುವಂಥ ಚಿಲಕ. ಮೊನ್ನೆ ಸಂಜೆ ಯಜಮಾನರು ತೋಟದಿಂದ ಬಂದು ಚಿಲಕ ತೆಗೆಯುವುದಕ್ಕೂ ನನ್ನ ಕೈಯಿಂದ ಹಾಲಿನ ಚೊಂಬು ಜಾರುವುದಕ್ಕೂ ಸರಿಹೋಯಿತು. ನಡುಮನೆಯೆಲ್ಲ ಹಾಲು. ನನಗೂ ವಯಸ್ಸಾಯಿತು ಅಂತ ಕಾಣುತ್ತದೆ.

ನೀವು ಕೇಳಿದ್ದಕ್ಕೆ ಉತ್ತರ, ಇಲ್ಲ. ಮುದ್ದ ಒಂದು ಮಾತೂ ಆಡಿಲ್ಲ.

ಕಲ್ಲಮ್ಮ


ಇಂದೋರ್
೩೦–೩–೧೯೮೧

ಕಲ್ಲಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದ ಕೈಗೆ ಬಂದು ನಾಲ್ಕೈದು ದಿನವಾಯಿತು. ದಿನವೂ ತೆಗೆದು ಓದುತ್ತಿದ್ದೇನೆ. ಟವೆಲ್ಲಿನಲ್ಲಿ ಸುತ್ತಿ ಕೊಕ್ಕು ಉಜ್ಜುವ ಕಡೆ ಬಂದಾಗ ನಗು ಬಂತು. ಪಕ್ಕದಲ್ಲಿದ್ದ ದಲಾಲಿ ಏನೆಂದು ಕೇಳಿದ, ಹೇಳಲು ಹಿಂದಿ ಸಾಲಲಿಲ್ಲ.

ಇಲ್ಲಿ ಮತ್ತೆ ಛತ್ರ ಬದಲಾಯಿಸಿದೆ. ಮೊದಲನೆಯದು ವಿಪರೀತ ನಿಶ್ಶಬ್ದ. ಒಂದು ಕಡೆ ಕೂತರೆ ಎದ್ದು ಹೋಗಬೇಕು ಎನಿಸುತ್ತದೆ. ಎದ್ದರೆ ಎಲ್ಲಿಗೆ ಎಂದು ಗೊತ್ತಾಗುವುದಿಲ್ಲ. ಮಾಲು ಮಾರಿ ಆಗಿದೆ, ಊರಿಗೆ ಹೊರಡಬಹುದು. ಆದರೂ ನಾಗಪುರದಲ್ಲಿ ಏನೋ ಕೆಲಸವಿದೆ ಎಂದು ನಾನೇ ಹುಟ್ಟಿಸಿಕೊಂಡಿದ್ದೇನೆ.

ಗಿಣಿ ಮಾತು ಮರೆತಿದ್ದರೆ ಮರೆಯಲಿ ಬಿಡು. ಮೂಕನಾದರೆ ನನಗೆ ಅಡ್ಡಿಯಿಲ್ಲ. ನಾನು ಹಿಂತಿರುಗಿದ ಮೇಲೆ ಮನೆಗೆ ಕರೆದುಕೊಂಡು ಹೋಗುತ್ತೇನೆ. ಒಂದು ಜೀವ ಇದ್ದರೆ ನಾನೂ ಮನೆಯಲ್ಲಿ ನಿಲ್ಲಬಹುದೋ ಏನೋ. ಮತ್ತೆ ಅಟ್ಟಕ್ಕೆ ಹಾಕುವುದಿಲ್ಲ, ನಡುಮನೆಯಲ್ಲೇ ಇಡುತ್ತೇನೆ. ಹೆಸರುಕಾಳು ನೆನೆಸುವುದು ಹೇಗೆಂದು ಬರೆದು ತಿಳಿಸು.

ತೋಂಟದಾರ್ಯ


ದಬ್ಬೇಘಟ್ಟ
೧೬–೪–೧೯೮೧

ಭಾವನವರಿಗೆ ನಮಸ್ಕಾರಗಳು.

ಅವಸರ ಮಾಡಬೇಡಿ. ಮುದ್ದನ ಎದೆಯ ಮೇಲೆ ಈಗ ತಾನೇ ಗರಿ ಮೊಳೆಯುತ್ತಿವೆ, ಮುಟ್ಟಿದರೆ ನೋವು. ಕೊಕ್ಕು ಇನ್ನೂ ಪೂರ್ತಿ ಸರಿಹೋಗಿಲ್ಲ. ಬಸ್ಸಿನ ಕುಲುಕಾಟ ಅವನಿಗೆ ಆಗುವುದಿಲ್ಲ. ಈ ಬಿಸಿಲಂತೂ ಬೇಡವೇ ಬೇಡ. ಮುಂಗಾರು ಬರಲಿ, ಆಮೇಲೆ ನೋಡೋಣ.

ಪಂಜರದ ಬಾಗಿಲು ಈಗ ತೆಗೆದೇ ಇರುತ್ತದೆ. ತೆಂಗಿನಗರಿಯ ಒಂದು ಎಡಮಟ್ಟೆಯನ್ನು ಗೋಡೆಗೆ ಅಡ್ಡ ಕಟ್ಟಿದ್ದೇನೆ. ಅದರ ಮೇಲೆ ಕೂತು ಮಟ್ಟೆಯನ್ನೇ ಕಡಿದು ಕಡಿದು ನಾರು ಮಾಡಿ ಹಾಕುತ್ತಾನೆ, ನಾನು ದಿನಾ ಗುಡಿಸುತ್ತೇನೆ. ಹಾಗೆ ಕಡಿದರೆ ಕೊಕ್ಕು ತಾನಾಗಿ ಸವೆಯುತ್ತದೆ. ಅರದ ಕೆಲಸ ತಪ್ಪಿತು. ಅಲಸಂದೆ ಕಾಯಿ ಕೊಟ್ಟರೆ ಕಾಲಲ್ಲಿ ಹಿಡಿದು ಬಿಡಿಸಿ ತಿನ್ನುತ್ತಾನೆ. ಹಸಿಮೆಣಸಿನಕಾಯಿಯನ್ನಂತೂ ಕಸಿದುಕೊಳ್ಳುತ್ತಾನೆ. ಮೊನ್ನೆ ಮಟ್ಟೆಯಿಂದ ಅಡುಗೆಮನೆಯ ಬಾಗಿಲಿನವರೆಗೆ ಹಾರಿ, ತಾನು ಹಾರಿದ್ದಕ್ಕೆ ತಾನೇ ಗಾಬರಿಯಾಗಿ ನನ್ನ ಸೆರಗಿಗೆ ಜೋತುಬಿದ್ದ.

ನೀವು ನಾಗಪುರದ ಕೆಲಸವನ್ನು ನಿಧಾನವಾಗಿಯೇ ಮುಗಿಸಿ. ಇಲ್ಲಿ ಏನೂ ಅರ್ಜೆಂಟಿಲ್ಲ.

ಕಲ್ಲಮ್ಮ


ನಾಗಪುರ
೪–೫–೧೯೮೧

ಕಲ್ಲಮ್ಮನಿಗೆ,

ಮೊದಲು ಕೊಕ್ಕು, ಆಮೇಲೆ ಗರಿ, ಆಮೇಲೆ ಬಿಸಿಲು, ಇನ್ನು ಮುಂಗಾರು. ನನಗೆ ಅರ್ಥವಾಗುವುದಿಲ್ಲ ಎಂದುಕೊಂಡೆಯಾ? ಗಿಣಿಯನ್ನು ಕೊಡಲು ನಿನಗೆ ಮನಸ್ಸಿಲ್ಲ. ಗಿರಿಜಾಂಬಿಕೆಯ ಸೀರೆಗಳನ್ನು ನೀನು ತೆಗೆದುಕೊಂಡಾಗ ನಾನು ಚಕಾರ ಎತ್ತಲಿಲ್ಲ. ಅವಳ ಬೆಳ್ಳಿಯ ಕುಂಕುಮದ ಭರಣಿಯನ್ನು ನೀನು ಕೇಳಿದೆ, ಕೊಟ್ಟೆ. ನನಗಾಗಿ ನಾನು ಏನನ್ನೂ ಕೇಳಿರಲಿಲ್ಲ. ಈಗ ಇದೊಂದನ್ನು ಕೇಳಿದ್ದೇನೆ.

ಹನ್ನೊಂದನೇ ತಾರೀಖು ಚಿಕ್ಕಹನುಮಯ್ಯ ಪಂಜರದೊಂದಿಗೆ ಬರುತ್ತಾನೆ. ಅವನ ಕೈಗೆ ಕೊಟ್ಟು ಕಳಿಸು. ನಾನು ಆ ವಾರವೇ ಊರು ಸೇರುತ್ತೇನೆ.

ತೋಂಟದಾರ್ಯ


ದಬ್ಬೇಘಟ್ಟ
೧೩–೫–೧೯೮೧

ಭಾವ,

ಚಿಕ್ಕಹನುಮಯ್ಯ ಬಂದಿದ್ದ. ಮುದ್ದೆ, ಸೊಪ್ಪಿನ ಸಾರು ಬಡಿಸಿ, ಖಾಲಿ ಪಂಜರದ ಜೊತೆಗೇ ವಾಪಸ್ ಕಳಿಸಿದೆ. ಕೋಪ ಮಾಡಿಕೊಳ್ಳಿ, ಆದರೆ ಇದನ್ನು ಪೂರ್ತಿ ಓದಿ ಆಮೇಲೆ ಮಾಡಿಕೊಳ್ಳಿ.

ನಾನು ಸುಳ್ಳು ಬರೆದಿದ್ದೆ. ಮುದ್ದ ಮಾತಾಡುತ್ತಾನೆ. ಬಂದು ತಿಂಗಳಾಗುವ ಹೊತ್ತಿಗೇ ಮಾತಾಡಿದ. ಯಜಮಾನರು ಚಿಲಕ ತೆಗೆದ ಸದ್ದಿಗೆ, ಮೂಲೆಯಲ್ಲಿ ಮುದುರಿ ಕೂತಿದ್ದವನು ಕತ್ತೆತ್ತಿ, "ಬಂದ್ರಾ?" ಎಂದ. ನಮ್ಮಕ್ಕನ ದನಿ. ಸಾಕ್ಷಾತ್ ಅಕ್ಕನ ದನಿ. ನನ್ನ ಕೈಯಿಂದ ಚೊಂಬು ಬಿದ್ದದ್ದು ಅದಕ್ಕೆ. ಯಜಮಾನರು ಹೊಸಿಲಲ್ಲೇ ನಿಂತುಬಿಟ್ಟರು. ಮಾರನೆಯ ದಿನ ನಾನು ಅವನ ಪಂಜರಕ್ಕೆ ಸೀರೆ ಹೊದಿಸಿದೆ, ಸಂಜೆಯ ಹೊತ್ತಿಗೆ ನಾಚಿಕೆಯಾಗಿ ತೆಗೆದೆ. ನಿಮಗೆ ತಿಳಿದರೆ ಎದೆ ಒಡೆಯುತ್ತದೆ ಎಂದು ಮುಚ್ಚಿಟ್ಟೆ. ನೀವು ಅವನನ್ನು ಮನೆಗೆ ಒಯ್ದು, ಸಂಜೆ ಒಬ್ಬರೇ ಬಂದು ಚಿಲಕ ತೆಗೆದಾಗ ಈ ಮಾತು ಕೇಳಿಬಿಟ್ಟರೆ ಎಂದು ಹೆದರಿ ಇಲ್ಲದ ನೆವಗಳನ್ನೆಲ್ಲ ಬರೆದೆ.

ಊಟ ಮಾಡುತ್ತ ಚಿಕ್ಕಹನುಮಯ್ಯ ಅವನ ಪಾಡಿಗೆ ಅವನು ಹೇಳಿದ. "ಸಾವ್ಕಾರ್ರು ಊರಿಗ್ ಬಂದ್ರೂ ಮನೇಲಿ ಮಲಗಾಕಿಲ್ಲ ಕಣವ್ವ. ಮಂಡೀಲೇ, ಚೀಲುದ್ ಮ್ಯಾಲೇ ಒರಗ್ತಾರೆ. ಮನೆ ಬೀಗ ತೆಗ್ಯೋದು ಭೂತಮ್ಮ ಒಬ್ಳೇಯ." ಕೇಳಿ ನನ್ನ ಕೈಯ ಸೌಟು ಅಲ್ಲೇ ನಿಂತಿತು. ನಿಮ್ಮ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ. "ಮೂಕನಾದರೆ ನನಗೆ ಅಡ್ಡಿಯಿಲ್ಲ" ಎಂದು ಬರೆದಿದ್ದೀರಿ. ಮೂಕ ಗಿಣಿ ಯಾರಿಗೆ ಬೇಕು ಭಾವ? ಗೋಡೆಯಾಚೆ ಗಾಡಿ ಓಡುವ ರೂಮನ್ನು ಕೇಳಿ ಪಡೆಯುವವರು ಯಾರು? ನಾನು ನಿಮ್ಮಿಂದ ಏನನ್ನು ಮುಚ್ಚಿಟ್ಟಿದ್ದೆನೋ ಅದು ನಿಮಗೆ ನನಗಿಂತ ಮೊದಲೇ ಗೊತ್ತಿತ್ತು. ಅಟ್ಟಕ್ಕೆ ಬಾಗಿಲಿಲ್ಲ, ಏಣಿ ಮಾತ್ರ. ಚಿಲಕದ ಸದ್ದು ಅಲ್ಲಿಗೆ ಹೋಗುವುದಿಲ್ಲ. ಸದ್ದಿಲ್ಲದಿದ್ದರೆ ಮುದ್ದ ಕೇಳುವುದೂ ಇಲ್ಲ, ನೀವು ಬರೆದ ಬೆಕ್ಕಿನ ಕಾಟ ಇದೇ ಅಲ್ಲವೇ?

ಗಿಣಿಯನ್ನು ಅಲ್ಲಿ ಕೂಡಿಹಾಕಿದ್ದಕ್ಕೆ ನನಗೆ ನಿಮ್ಮ ಮೇಲೆ ಸಿಟ್ಟಿದೆ, ಹೋಗುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಮಾತೊಂದಿದೆ. ಅಕ್ಕ ಹೋದ ದಿನ ನೀವು ಕೊಬ್ಬರಿ ಹರಾಜಿನಲ್ಲಿದ್ದಿರಿ. ಅವಳು ಕಾದು ಕಾದು ಕೇಳಿದ್ದನ್ನೇ ಈ ಹಕ್ಕಿ ಹಿಡಿದಿಟ್ಟುಕೊಂಡು ನಿಮ್ಮನ್ನು ಕೇಳುತ್ತಿದೆ ಎಂದುಕೊಂಡಿದ್ದೀರಿ, ಹೌದೋ ಅಲ್ಲವೋ? ಮೊದಲು ನನಗೂ ಹಾಗೇ ಅನ್ನಿಸಿತ್ತು. ದಿನಾ ಕೇಳಿದ ಮೇಲೆ ಗೊತ್ತಾಯಿತು. ಕೊನೆಯ ತಿಂಗಳುಗಳಲ್ಲಿ ಅಕ್ಕನಿಗೆ ದನಿ ಎಲ್ಲಿತ್ತು? ನೀರು ಬೇಕೆಂದರೂ ಬಾಯಿಯ ಹತ್ತಿರ ಕಿವಿ ಇಡಬೇಕಿತ್ತು. ಮುದ್ದನ ದನಿಯಲ್ಲಿ ಅದು ಯಾವುದೂ ಇಲ್ಲ. ಇದು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ, ಎದ್ದು ಬರಲು ಪುರುಸೊತ್ತಿಲ್ಲದೆ, ಅಲ್ಲಿಂದಲೇ ಕೂಗಿದ ದನಿ. ಕೊನೆಯಲ್ಲಿ ಅವಳ ನಗು ಸ್ವಲ್ಪ ಇದೆ, ನೀವು ಕೇಳಿಸಿಕೊಂಡಿಲ್ಲ. ಗಿಣಿ ಒಂದು ದಿನ ಕೇಳಿದ್ದನ್ನು ಕಲಿಯುವುದಿಲ್ಲ ಭಾವ. ಮೈ ಚೆನ್ನಾಗಿದ್ದಾಗ ಅವಳು ವರ್ಷಗಟ್ಟಲೆ ಸಂಜೆ ಸಂಜೆ ಕೇಳಿದ್ದು ಇದು. ದೂರು ಅಲ್ಲ.

ಈಗ ಅವನು ಕೇಳಿದಾಗಲೆಲ್ಲ ಕಾಳಿನ ಬಟ್ಟಲು ತರುತ್ತ ನಾನು "ಬಂದೆ ಕಣಕ್ಕ" ಎನ್ನುತ್ತೇನೆ. ಮೊದಮೊದಲು ಅಳು ಬರುತ್ತಿತ್ತು, ಈಗ ಬರುವುದಿಲ್ಲ.

ಗಿಣಿ ನಿಮ್ಮದೇ. ಆದರೆ ನೀವೇ ಬಂದು, ನೀವೇ ಚಿಲಕ ತೆಗೆದು ಕರೆದುಕೊಂಡು ಹೋಗಬೇಕು. ಬೇರೆಯವರ ಕೈಗೆ ಕೊಡುವುದಿಲ್ಲ.

ಕಲ್ಲಮ್ಮ


ದಬ್ಬೇಘಟ್ಟ
೧೫–೬–೧೯೮೧

ಭಾವನವರಿಗೆ ನಮಸ್ಕಾರಗಳು.

ತಿಂಗಳಾಯಿತು, ನಿಮ್ಮಿಂದ ಒಂದು ಕಾರ್ಡೂ ಇಲ್ಲ. ಹೆಚ್ಚು ಮಾತಾಡಿಬಿಟ್ಟೆನೇನೋ ಎಂದು ಕೊರಗುತ್ತಿದ್ದೆ. ನಿನ್ನೆ ಕೊರಗು ಹೋಯಿತು, ಸಿಟ್ಟು ಬಂತು.

ನಿನ್ನೆ ಮಧ್ಯಾಹ್ನ ನಾವಿಬ್ಬರೂ ತೋಟದಲ್ಲಿದ್ದೆವು. ಬಂದು ನೋಡಿದರೆ ಜಗಲಿಯ ಮೇಲೆ ಟವೆಲ್ಲಿನಲ್ಲಿ ಕಟ್ಟಿದ ನೇರಳೆಹಣ್ಣು. ಎದುರುಮನೆಯ ಪುಟ್ಟಗಂಗಮ್ಮ ಕೂಗಿ ಹೇಳಿದಳು. "ನಿಮ್ ತಿಪ್ಟೂರ್ ನೆಂಟ್ರು ಬಂದಿದ್ರು ಕಣೇ. ಬಾಗ್ಲು ತಂಕ ಹೋಗೋರು, ಚಿಲ್ಕುದ್ ಮ್ಯಾಲೆ ಕೈ ಇಡೋರು, ತಿರ್ಗಾ ಬಂದು ಕೂರೋರು. ನೀರಾದ್ರೂ ಕುಡೀರಿ ಅಂದೆ, ಬಸ್ಸು ಬತ್ತದೆ ಅಂತ ಎದ್ದೇ ಹೋಯ್ತು ಆವಯ್ಯ." ಟವೆಲ್ಲು ಮೂಸಿದೆ, ಕೊಬ್ಬರಿ ವಾಸನೆ. ನಾಗಪುರದಿಂದ ಬಂದವರು ನನ್ನ ಹೊಸಿಲು ದಾಟಲಾರದೆ ಹೋದಿರಾ?

ಹಣ್ಣನ್ನು ಮುದ್ದ ತಿಂದ. ಗೋಡೆಗೆಲ್ಲ ನೇರಳೆ ಬಣ್ಣ. ಅಕ್ಕ ಈ ಕಾಲದಲ್ಲಿ ಅವನಿಗೆ ನೇರಳೆ ತರಿಸುತ್ತಿದ್ದುದು ನಿಮಗೆ ನೆನಪಿದೆಯಲ್ಲ, ಅಷ್ಟಕ್ಕೆ ಅರ್ಧ ಸಿಟ್ಟು ಇಳಿಯಿತು.

"ಪಾಪ, ಆ ಚಿಲಕ ಕಿತ್ತಾಕಿ ಹಗ್ಗ ಕಟ್ಟಾನ ಬುಡು, ಬಂದೋರು ಒಳಗಾದ್ರೂ ಬರ್ತಾರೆ" ಎಂದರು ಯಜಮಾನರು. ನಾನು ಒಪ್ಪಲಿಲ್ಲ. ನಿಮಗಾಗಿ ಒಂದು ಚಿಲಕ ಕೀಳಿಸಬಹುದು, ಊರೂರಿನ ಚಿಲಕ ಕೀಳಿಸುವುದಕ್ಕಾಗುತ್ತದೆಯೇ? ಅದು ಇರಲಿ. ತೆಗೆಯಿರಿ, ಅವನು ಕೇಳಲಿ. ನಾವು ತೋಟದಲ್ಲಿದ್ದರೂ ಕಾಯಬೇಡಿ, ಒಳಗೆ ಹೋಗಿ ಕೂತಿರಿ. ಮಜ್ಜಿಗೆ ಅಡುಗೆಮನೆಯ ಗೋಡೆಯ ನಾಗಂದಿಗೆಯ ಮೇಲಿರುತ್ತದೆ.

ಕಲ್ಲಮ್ಮ


ತಿಪಟೂರು
೨–೭–೧೯೮೧

ಕಲ್ಲಮ್ಮನಿಗೆ ಆಶೀರ್ವಾದಗಳು.

ನಿನ್ನೆ ಬಂದಿದ್ದೆ. ಮಜ್ಜಿಗೆಯ ಗಡಿಗೆ ಖಾಲಿಯಾದದ್ದನ್ನು ನೋಡಿ ತಿಳಿದುಕೊಂಡಿರುತ್ತೀಯೆ. ನೀವು ಬರುವವರೆಗೆ ಕಾಯಬಹುದಿತ್ತು, ಯಾರ ಮುಖವನ್ನೂ ನೋಡುವ ಹಾಗಿರಲಿಲ್ಲ ನಾನು.

ಯಾರಿಗೂ ಹೇಳದ ಒಂದು ವಿಷಯವಿದೆ. ಗಿರಿಜಾಂಬಿಕೆ ಹೋದ ದಿನ ನಾನು ಹರಾಜು ಮುಗಿಸಿ ಬಂದು ಚಿಲಕ ತೆಗೆದೆ. "ಬಂದ್ರಾ?" ಎಂದು ಕೇಳಿತು. ಎಷ್ಟೋ ತಿಂಗಳ ಮೇಲೆ ಅವಳಿಗೆ ದನಿ ಬಂತು, ಹುಷಾರಾದಳು ಎಂದುಕೊಂಡೆ. "ಬಂದೆ" ಎಂದು ಕೂಗಿಕೊಂಡು, ಚಪ್ಪಲಿಯನ್ನೂ ಬಿಡದೆ ಓಡಿದೆ. ಅವಳ ಕೈ ಆಗಲೇ ತಣ್ಣಗಾಗಿತ್ತು. ಆಮೇಲೆ "ಬಂದೆ" ಎಂಬ ಮಾತನ್ನು ನಾನು ಯಾರಿಗೂ ಆಡಿಲ್ಲ. ಮಂಡಿಯಲ್ಲಿ ಯಾರಾದರೂ ಕರೆದರೆ ಸುಮ್ಮನೆ ಎದ್ದು ಹೋಗುತ್ತೇನೆ.

ನಿನ್ನೆ ನಿಮ್ಮ ಬಾಗಿಲಲ್ಲಿ ನಿಂತಾಗ ಪುಟ್ಟಗಂಗಮ್ಮ ನೋಡುತ್ತಿದ್ದಳು. ಈ ಸಲವೂ ತಿರುಗಿ ಹೋದರೆ ಊರಿಗೆಲ್ಲ ಹೇಳುತ್ತಾಳೆ ಎಂದು ನಾಚಿಕೆಯಾಗಿ ಚಿಲಕ ತೆಗೆದೆ. ಮುದ್ದ ಕೇಳಿದ. ನೀನು ಬರೆದದ್ದು ನಿಜ, ಕೊನೆಯಲ್ಲಿ ನಗು ಇದೆ. ಹೊಸಿಲಲ್ಲೇ ನಿಂತೆ. ಅಷ್ಟರಲ್ಲಿ ಒಳಗಿನಿಂದ "ಬಂದೆ ಕಣಕ್ಕ" ಎಂದು ನಿನ್ನ ದನಿ ಕೇಳಿತು. ನೀನು ಮನೆಯಲ್ಲಿದ್ದೀಯೆ ಎಂದುಕೊಂಡು ಧೈರ್ಯ ಬಂದು ಒಳಗೆ ಹೋದೆ. ಯಾರೂ ಇರಲಿಲ್ಲ. ಮುದ್ದ ಮಟ್ಟೆಯ ಮೇಲೆ ಕೂತು ನಾರು ಕೀಳುತ್ತಿದ್ದ. ಕೇಳಿದವನೂ ಅವನೇ, ಉತ್ತರ ಕೊಟ್ಟವನೂ ಅವನೇ. ನಾನು ಅಲ್ಲೇ ನೆಲದ ಮೇಲೆ ಕೂತು ನಕ್ಕೆ, ಆಮೇಲೆ ಬಹಳ ಹೊತ್ತು ಅತ್ತೆ. ಅವನು ಹಾರಿಬಂದು ನನ್ನ ಮೊಣಕಾಲಿನ ಮೇಲೆ ಕೂತ. ಎದೆಯ ತುಂಬ ಹಸಿರು ಬಂದಿದೆ, ಕೈಯಿಟ್ಟು ನೋಡಿದೆ. ಕಚ್ಚಿದ.

ಅವನನ್ನು ಕರೆತರಲಿಲ್ಲ. ಪಂಜರವನ್ನೂ ನಾನು ತಂದಿರಲಿಲ್ಲ. ಅವನು ನಿನ್ನಲ್ಲೇ ಇರಲಿ, ಸಂತೆಗೆ ಬಂದಾಗಲೆಲ್ಲ ನಾನು ಬರುತ್ತೇನೆ.

ಸಂಜೆಯ ಬಸ್ಸಿನಿಂದ ಇಲ್ಲಿ ಇಳಿದವನು ಮಂಡಿಯ ಕಡೆ ನಾಲ್ಕು ಹೆಜ್ಜೆ ಹಾಕಿ ನಿಂತೆ. ಭೂತಮ್ಮನ ಮನೆಗೆ ಹೋಗಿ ಬೀಗದ ಕೈ ಇಸಿದುಕೊಂಡು ಮನೆಗೆ ಬಂದೆ. ಚಿಲಕ ತೆಗೆದೆ. ಯಾರೂ ಕೇಳಲಿಲ್ಲ. ಬಾಗಿಲಲ್ಲೇ ನಿಂತು, "ಬಂದೆ" ಎಂದೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಒಲೆ ಹಚ್ಚಿದೆ.

ತೋಂಟದಾರ್ಯ